ಕೊಬ್ಬರಿ ರೇಟಿನ ವಾಯ್ಸ್ ನೋಟಲ್ಲಿ ಎಲೆಕ್ಷನ್ ಮಾಡಿದ್ದು: ನನ್ನ ಅನುಭವ

2023ರ ವಿಧಾನಸಭೆ ಎಲೆಕ್ಷನ್ನಲ್ಲಿ ಒಬ್ರು ಕ್ಯಾಂಡಿಡೇಟಿಗೆ ಸೋಷಿಯಲ್ ಮೀಡಿಯಾ ನೋಡ್ಕೊಂಡವನು ನಾನು. ತಿಪಟೂರು ಮಾರ್ಕೆಟ್ಟನ್ನೇ ನಂಬಿರೋ ಕೊಬ್ಬರಿ ಸೀಮೆ, ಕ್ಷೇತ್ರ ಯಾವ್ದು ಪಕ್ಷ ಯಾವ್ದು ಅಂತ ಬರೆಯಲ್ಲ. ನನಗೆ ಕೊಟ್ಟಿದ್ದು 28 ಬೂತು, 2018ರಲ್ಲಿ ಅಲ್ಲೆಲ್ಲಾ ನಾವು ತೀರಾ ಹಿಂದೆ ಬಿದ್ದಿದ್ವಿ. ಈ ಸಲ ಏಜೆಂಟ್ರು ತಂದ 17ಸಿ ಫಾರಂ, ಅಂದ್ರೆ ಬೂತಲ್ಲಿ ಎಷ್ಟು ವೋಟ್ ಬಿತ್ತು ಅನ್ನೋ ಲೆಕ್ಕದ ಹಾಳೆ, ಇಟ್ಕೊಂಡು ಕೌಂಟಿಂಗ್ ದಿನ ತಾಳೆ ಹಾಕಿದ್ರೆ ಹತ್ತೊಂಬತ್ತರಲ್ಲಿ ಲೀಡ್ ಇತ್ತು. "ರೇಟ್ ಹೇಳಿ ವೋಟ್ ತಗೊಳ್ತೀಯೇನೋ, ಹೋಗಿ ಫ್ಲೆಕ್ಸ್ ಕಟ್ಸು" ಅಂದಿದ್ದ ಮುಖಂಡ್ರೇ ಈಗ ಫೋನ್ ಮಾಡಿ ಹೆಂಗ್ ಮಾಡ್ದೆ ಅಂತ ಕೇಳ್ತಾವ್ರೆ, ಅದಕ್ಕೇ ಬರೀತಿದೀನಿ.

ಮೊದ್ಲು ದುಡ್ಡು ಕಳ್ಕೊಂಡ ಕಥೆ. 2018ರಲ್ಲಿ ನಲವತ್ತು ವಾಟ್ಸಾಪ್ ಗ್ರೂಪ್ ಮಾಡಿದ್ದೆ, ಆಗ ಒಂದು ಗ್ರೂಪಿಗೆ 256 ಜನ ಅಷ್ಟೇ. ಎರಡೇ ವಾರಕ್ಕೆ ಅರ್ಧ ಗ್ರೂಪಲ್ಲಿ ಜಗಳ, ಇನ್ನರ್ಧದಲ್ಲಿ ಗುಡ್ ಮಾರ್ನಿಂಗ್. ಡ್ರೋನ್ ವಿಡಿಯೋಗೆ ಸುಮಾರು ಒಂದೂವರೆ ಲಕ್ಷ ಹೋಯ್ತು, ನೋಡಿದವ್ರು ನಮ್ಮ ಕಾರ್ಯಕರ್ತರೇ. ಫೇಸ್‌ಬುಕ್ ಪೇಜಿಗೆ ಲೈಕ್ ತರಿಸ್ತೀನಿ ಅಂತ ಒಬ್ಬ ಮೂವತ್ತು ಸಾವಿರ ತಗೊಂಡ, ತೆಗೆದು ನೋಡಿದ್ರೆ ಒಂದು ಕನ್ನಡದ ಹೆಸರಿಲ್ಲ. ಎಲ್ಲಾ ಸೇರಿ ಆರು ಲಕ್ಷದ ಹತ್ತಿರ ಖರ್ಚು. ಸೋತ ಮೇಲೆ ಆ ಲೆಕ್ಕಕ್ಕೆ ಉತ್ತರ ಕೊಡ್ಬೇಕಾಗಿದ್ದು ನಾನೇ.

2023ಕ್ಕೆ ಬರೋ ಹೊತ್ತಿಗೆ ಗ್ರೂಪು 1024ಕ್ಕೆ ಏರಿತ್ತು, ಎಲ್ಲಾರೂ ಅದರ ಹಿಂದೆ ಬಿದ್ರು, ನಾನು ಬೀಳ್ಲಿಲ್ಲ. ಫಾರ್ವರ್ಡ್ ಮಾಡೋದು ಒಂದ್ಸಲಕ್ಕೆ ಐದು ಚಾಟಿಗೆ ಇಳಿದಿತ್ತು, ತುಂಬಾ ಸುತ್ತಿರೋ ಮೆಸೇಜ್ ಆದ್ರೆ ಒಂದ್ಸಲಕ್ಕೆ ಒಂದೇ ಚಾಟು. ಅಂದ್ರೆ ಮೆಸೇಜು ತಾನಾಗೇ ಹರಡೋ ಕಾಲ ಮುಗೀತು. ಉಳಿದಿದ್ದು ಬ್ರಾಡ್‌ಕಾಸ್ಟ್ ಲಿಸ್ಟ್, ಅಂದ್ರೆ ಒಂದೇ ಮೆಸೇಜು ಲಿಸ್ಟಲ್ಲಿರೋ ಒಬ್ಬೊಬ್ರಿಗೂ ಬೇರೆಬೇರೆಯಾಗಿ ಹೋಗೋದು. ಅದರ ಕಷ್ಟ ಏನಂದ್ರೆ, ಲಿಸ್ಟಲ್ಲಿರೋರ ಫೋನಲ್ಲಿ ನಮ್ಮ ನಂಬರ್ ಸೇವ್ ಇಲ್ದಿದ್ರೆ ಮೆಸೇಜ್ ಹೋಗೋದೇ ಇಲ್ಲ. ಶಾರ್ಟ್‌ಕಟ್ಟಿಗೆ ಅಂತ ಎಂಟು ಸಾವಿರ ಕೊಟ್ಟು ಒಟ್ಟೊಟ್ಟಿಗೆ ಮೆಸೇಜ್ ಕಳ್ಸೋ ಬಲ್ಕ್ ಸಾಫ್ಟ್‌ವೇರ್ ತಗೊಂಡೆ, ಒಂದೇ ವಾರಕ್ಕೆ ಮೂರು ಸಿಮ್ ಬ್ಯಾನ್. ಆ ದಾರಿಗೆ ಯಾರೂ ಹೋಗ್ಬೇಡಿ.

ಹಂಗಾದ್ರೆ ಜನ ನಮ್ಮ ನಂಬರ್ ಯಾಕೆ ಸೇವ್ ಮಾಡ್ಕೋಬೇಕು? ಆ ವರ್ಷ ಕೊಬ್ಬರಿ ಬಿದ್ದೋಗಿತ್ತು, ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ಬೆಂಬಲ ಬೆಲೆ ಅಂತಿದ್ರೂ ಮಾರ್ಕೆಟ್ಟಲ್ಲಿ ಅಷ್ಟು ಸಿಗ್ತಿರ್ಲಿಲ್ಲ. ಅಟ್ಟದ ತುಂಬ ಕಾಯಿ ಇಟ್ಕೊಂಡು ಮಾರ್ಲೋ ಬೇಡ್ವೋ ಅಂತ ಕೂತಿರೋ ಮನೆಗಳು. ಜನವರಿಯಿಂದ ಹರಾಜಾದ ಒಂದು ಗಂಟೆ ಒಳಗೆ ರೇಟು ವಾಯ್ಸ್ ನೋಟಲ್ಲಿ ಕಳ್ಸೋಕೆ ಶುರು ಮಾಡ್ದೆ. ಪೋಸ್ಟರ್ ಅಲ್ಲ, ವಾಯ್ಸು. ಕನ್ನಡಕ ಹುಡುಕ್ಬೇಕಾಗಿಲ್ಲ, ತೋಟದಲ್ಲಿ ನಿಂತೇ ಕೇಳ್ಬೋದು. ನಲವತ್ತು ಸೆಕೆಂಡು, ಮೊದಲು ರೇಟು, ಆಮೇಲೆ ರಾತ್ರಿ ಪಾಳಿ ತ್ರೀ ಫೇಸ್ ಕರೆಂಟ್ ಎಷ್ಟೊತ್ತಿಗೆ ಅಂತ, ಕಡೇಲಿ ಇಂಥವ್ರ ಆಫೀಸಿಂದ ಅಂತ ಒಂದೇ ಒಂದು ಸಾಲು. ಮಾತಾಡ್ತಿದ್ದೋನು ಆ ಊರಿನ ಹುಡುಗನೇ, ನಮ್ಮ ಸೀಮೆ ಮಾತಲ್ಲೇ. ಬೆಂಗಳೂರಿಂದ ಒಬ್ಬ ಆರ್‌ಜೆ ದನೀಲಿ ಎರಡು ಸಲ ಮಾಡ್ಸಿ ನೋಡಿದ್ದೆ, "ಇದ್ಯಾರ್ಲಾ ಟೀವಿಯವ್ನು" ಅಂತ ಅರ್ಧಕ್ಕೇ ನಿಲ್ಸ್‌ಬಿಟ್ರು.

ನಂಬರ್ ಸೇವ್ ಮಾಡ್ಸೋಕೆ ಟೀ ಅಂಗಡೀಲಿ ಕ್ಯೂಆರ್ ಅಂಟಿಸಿದ್ದು ಪೂರ್ತಿ ಫೇಲ್. ಹಾಲಿನ ಡೈರಿ ಮುಂದೆ ಬೆಳಿಗ್ಗೆ ಆರಕ್ಕೆ ಹುಡುಗ್ರು ನಿಂತು, ಹಾಲು ಹಾಕಿ ಬಂದೋರ ಫೋನ್ ಇಸ್ಕೊಂಡು, ಅವ್ರ ಕಣ್ಮುಂದೆನೇ ಸೇವ್ ಮಾಡ್ಕೊಟ್ಟಿದ್ದು ಕೆಲಸ ಮಾಡ್ತು. ಯಾವ ಹೆಸರಲ್ಲಿ ಸೇವ್ ಮಾಡಿದ್ವಿ ಅನ್ನೋದ್ರಲ್ಲೇ ಅರ್ಧ ಆಟ ಇದೆ, ಅದನ್ನ ಇಲ್ಲಿ ಬರೆಯಲ್ಲ, 2028ರ ಎಲೆಕ್ಷನ್ ಇನ್ನೂ ಬಾಕಿ ಇದೆ. ಎಲೆಕ್ಷನ್ ಘೋಷಣೆ ಆಗೋ ಹೊತ್ತಿಗೆ ಬೂತಿಗೊಂದು ಲಿಸ್ಟು, ಒಂದೊಂದ್ರಲ್ಲಿ ಹತ್ರ ಹತ್ರ ನೂರೈವತ್ತು, ಒಟ್ಟು ನಾಲ್ಕು ಸಾವಿರದ ಮೇಲೆ ಜನ.

ನಾಲ್ಕು ಹುಡುಗ್ರಿಗೆ ತಿಂಗಳಿಗೆ ಎಂಟೆಂಟು ಸಾವಿರ, ಎರಡು ಫೋನು, ಪೆಟ್ರೋಲು, ಎಲ್ಲಾ ಸೇರಿ ಎರಡು ಲಕ್ಷ ದಾಟಿಲ್ಲ ಅನ್ಕೋತೀನಿ. ನಾಮಪತ್ರ ಹಾಕಿದ ದಿನದಿಂದ ಎಲ್ಲಾನೂ ಖರ್ಚಿನ ಪುಸ್ತಕಕ್ಕೆ ಬರೆಸಿದ್ವಿ. ಮಿತಿ 40 ಲಕ್ಷ ಇರೋ ಕಡೆ ಇದು ಒಂದು ಮೂಲೆಗೂ ಸಾಲಲ್ಲ. ಒಂದು ಚಾನೆಲ್‌ನೋರು ಬಂದು ಹದಿನೈದು ದಿನ ಒಳ್ಳೇದಾಗಿ ತೋರಿಸ್ತೀವಿ ಅಂತ ಹನ್ನೆರಡು ಲಕ್ಷದ ಪ್ಯಾಕೇಜ್ ಹೇಳಿದ್ರು. ಕಾಸು ಕೊಟ್ಟ ಸುದ್ದಿ ಅಂತ ಎಂಸಿಎಂಸಿ, ಅಂದ್ರೆ ಎಲೆಕ್ಷನ್ ಟೈಮಲ್ಲಿ ಮಾಧ್ಯಮದ ಮೇಲೆ ನಿಗಾ ಇಡೋ ಸಮಿತಿ, ಕಣ್ಣಿಗೆ ಬಿದ್ರೆ ಅದೂ ನಮ್ಮ ಖರ್ಚಿಗೇ ಸೇರುತ್ತೆ, ಮೇಲಾಗಿ ಅದು ಜನಕ್ಕೆ ಮಾಡೋ ಮೋಸ. ನಾನು ಬೇಡ ಅಂದೆ, ಅಣ್ಣನೂ, ಅಂದ್ರೆ ನಮ್ಮ ಕ್ಯಾಂಡಿಡೇಟೂ, ಒಪ್ಕೊಂಡ್ರು.

ಮಧ್ಯ ಒಂದಿಷ್ಟು ಪ್ರಯೋಗ ಮಾಡ್ದೆ. ರೆಕಾರ್ಡೆಡ್ ಕಾಲ್ ಹತ್ತು ಸೆಕೆಂಡ್ ದಾಟ್ಲಿಲ್ಲ. ಪೇಪರ್ ಸುದ್ದೀನ ಇ-ಪೇಪರ್ ಕ್ಲಿಪ್ ಆಗಿ ಕಳ್ಸಿದ್ರೆ ಯಾರೂ ಮಾತಾಡಲ್ಲ, ಅದೇ ಪುಟಾನ ಹೋಟೆಲ್ ಟೇಬಲ್ ಮೇಲಿಟ್ಟು ಫೋಟೋ ಹೊಡೆದು ಕಳ್ಸಿದ್ರೆ "ಪೇಪರ್ನಲ್ಲೇ ಬಂದೈತಲ್ಲ" ಅಂತ ನಾಲ್ಕು ಜನ ತಿರುಗಿ ಮಾತಾಡ್ತಾರೆ. ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಸ್ಟೇಟಸ್ಸಿಗೆ ಹಾಕಿದ್ದು ನಮ್ಮ ಪೇಜಿಗಿಂತ ಜಾಸ್ತಿ ಜನ ನೋಡಿದ್ರು.

ನಿಜವಾದ ಪರೀಕ್ಷೆ ಬಂದಿದ್ದು ಏಪ್ರಿಲ್ 24ಕ್ಕೆ, ನಾಮಪತ್ರ ವಾಪಸ್ ತಗೊಳ್ಳೋ ಕಡೇ ದಿನ. ಸಂಜೆ ನಾಲ್ಕರ ಸುಮಾರಿಗೆ "ಅಣ್ಣ ವಾಪಸ್ ತಗೊಂಡ್ರು, ಸೆಟ್ಲ್ ಆಯ್ತು" ಅಂತ ಒಂದು ಫೋಟೋ ಹರಿದಾಡ್ತು. ಕಾರ್ಯಕರ್ತರೇ ಅಳೋ ದನೀಲಿ ಫೋನ್ ಮಾಡಿದ್ರು. ಅಣ್ಣನ್ನ ಕೂರಿಸಿ, ಪೋಸ್ಟರ್ ಇಲ್ಲ ಏನಿಲ್ಲ, ಅವ್ರ ದನೀಲೇ ಇಪ್ಪತ್ತು ಸೆಕೆಂಡ್ ಹೇಳಿಸ್ದೆ, "ನಾನು ಕಣದಲ್ಲಿದೀನಿ ಕಣ್ರಪ್ಪ, ಈಗ ಇಂಥಾ ಊರಿನ ಅರಳಿ ಕಟ್ಟೆ ಹತ್ರ ಇದೀನಿ, ಬಂದು ನೋಡಿ" ಅಂತ. ಅರ್ಧ ಗಂಟೇಲಿ 28 ಲಿಸ್ಟಿಗೂ ಹೋಯ್ತು. ಮೂರು ತಿಂಗಳು ಸರಿಯಾದ ರೇಟ್ ಹೇಳಿದ ನಂಬರಿಂದ ಬಂತು ಅಂತಲೇ ಜನ ನಂಬಿದ್ರು, ಕಟ್ಟೆ ಹತ್ರ ಕತ್ಲಾಗೋ ಹೊತ್ತಿಗೆ ಇನ್ನೂರು ಜನ ಸೇರಿದ್ರು.

ಮೇ 10ಕ್ಕೆ ಮತದಾನ. ಮತದಾನ ಮುಗಿಯೋಕೆ ಮುಂಚಿನ 48 ಗಂಟೆ ಪ್ರಚಾರ ಬಂದ್, ಹಂಗಾಗಿ ಆ ಎರಡು ದಿನ ಅಣ್ಣನ ಹೆಸರಿನ ಸಾಲು ಕಿತ್ತಾಕಿ ಕರೆಂಟ್ ಟೈಮ್ ಮಾತ್ರ ಕಳ್ಸಿದ್ವಿ. 13ಕ್ಕೆ ರಿಸಲ್ಟು. ಗಲಾಟೇಲಿ ಮುಂದಿನ ಹರಾಜಿನ ರೇಟು ಕಳ್ಸೋದು ಮರ್ತೇಹೋಯ್ತು, ಸಂಜೆ ಒಳಗೆ ಮೂವತ್ತಕ್ಕೂ ಹೆಚ್ಚು ಫೋನು. ಒಬ್ಬ ಯಜಮಾನ್ರು "ಗೆದ್ಮೇಲೆ ರೇಟ್ ನಿಲ್ಸ್‌ಬಿಟ್ರಾ ಮಗಾ" ಅಂದ್ರು. ರಾತ್ರಿ ಒಂಬತ್ತಕ್ಕೆ ಕಳ್ಸಿ ಮಲಗ್ದೆ. ಇವತ್ತಿಗೂ ಒಂದು ಹರಾಜಿನ ರೇಟು ತಪ್ಸಿಲ್ಲ.