ತಳಿ ಅಭಿವೃದ್ಧಿಯ ಎರಡು ದಾರಿಗಳನ್ನು ಕಂಪ್ಯೂಟರ್‌ನಲ್ಲಿ ಹೋಲಿಸುವುದು ಹೇಗೆ?

ಒಂದು ಹೊಸ ತಳಿ ಹೊರಬರಲು ಎಷ್ಟೋ ಬೆಳೆಗಳಲ್ಲಿ ಹತ್ತು ವರ್ಷ ಬೇಕು. ಎರಡು ವಿಧಾನಗಳನ್ನು ಹೊಲದಲ್ಲೇ ಪಕ್ಕಪಕ್ಕ ನಡೆಸಿ ನೋಡೋಣ ಅಂದರೆ ನಿವೃತ್ತಿ ಬಂದುಬಿಡುತ್ತದೆ. ಹಾಗಾಗಿ ನಾನು ಮೊದಲು ಆಲ್ಫಾಸಿಮ್‌ಆರ್ ತೆರೆಯುತ್ತೇನೆ. ತಳಿ ಅಭಿವೃದ್ಧಿಯನ್ನು ಕಂಪ್ಯೂಟರ್‌ನಲ್ಲೇ ಅನುಕರಿಸಿ (ಸಿಮ್ಯುಲೇಶನ್) ನೋಡಲು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ಉಚಿತ ಪ್ಯಾಕೇಜ್ ಅದು.

ಕೋಡ್‌ಗೆ ಮುಂಚೆ ಪ್ರಶ್ನೆ ಬರೆದಿಡಿ. 'ಯಾವ ವಿಧಾನ ಒಳ್ಳೆಯದು?' ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. 'ಅಷ್ಟೇ ಖರ್ಚಿನಲ್ಲಿ 20 ವರ್ಷ ನಡೆಸಿದರೆ ಇಳುವರಿಯ ಆನುವಂಶಿಕ ಸರಾಸರಿ ಯಾವುದರಲ್ಲಿ ಜಾಸ್ತಿ?' ಅಂತ ಕೇಳಿ.

ಆಮೇಲೆ ಮೂಲ ಸಮೂಹ, ಅಂದರೆ ಕಂಪ್ಯೂಟರ್‌ನಲ್ಲಿ ಹುಟ್ಟಿಸುವ ಮೊದಲ ಗಿಡಗಳ ಗುಂಪು. 10 ಕ್ರೋಮೋಸೋಮ್, ಒಂದೊಂದರಲ್ಲೂ ಇಳುವರಿಗೆ ಸಂಬಂಧಿಸಿದ 100 ಜಾಗ, ಆನುವಂಶೀಯತೆ (ಗಿಡಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು) 0.3. ಶುರುವಿಗೆ ಇಷ್ಟು ಸಾಕು. ಆದರೆ ತಕ್ಷಣ ಹೋಲಿಕೆಗೆ ಇಳಿಯಬೇಡಿ. ಹೊಸದಾಗಿ ಹುಟ್ಟಿಸಿದ ಸಮೂಹದಲ್ಲಿ ವೈವಿಧ್ಯ ತುಂಬಿ ತುಳುಕುತ್ತಿರುತ್ತದೆ, ಯಾವ ವಿಧಾನ ಹಾಕಿದರೂ ಗೆದ್ದಂತೆ ಕಾಣುತ್ತದೆ. ಮೊದಲ 20 ವರ್ಷ ಹಳೇ ಪದ್ಧತಿಯನ್ನೇ ಓಡಿಸಿ, ಆ ಹಂತದಿಂದ ಎರಡು ಕವಲು ಮಾಡಿ, ಮುಂದಿನ 20 ವರ್ಷ ಹೋಲಿಸಿ.

ಒಂದು ಕವಲಿನಲ್ಲಿ ಹೊಲದ ಪರೀಕ್ಷೆ ನೋಡಿ ಆಯ್ಕೆ. ಇನ್ನೊಂದರಲ್ಲಿ ಜೀನೋಮಿಕ್ ಆಯ್ಕೆ, ಅಂದರೆ ಡಿಎನ್‌ಎ ಗುರುತುಗಳಿಂದ ಗಿಡದ ಯೋಗ್ಯತೆಯನ್ನು ಅಂದಾಜು ಮಾಡುವುದು. ಮ್ಯೂವಿಸನ್, ಹೇಯ್ಸ್, ಗೊಡಾರ್ಡ್ ಎಂಬ ವಿಜ್ಞಾನಿಗಳು 2001ರಲ್ಲಿ ಮುಂದಿಟ್ಟ ದಾರಿ ಇದು. ಇದರ ಬಲ ಇರುವುದು ವೇಗದಲ್ಲಿ. ಹೊಲದ ಆಯ್ಕೆಯ ನಿಖರತೆ (ಅಂದಾಜು ಗಿಡದ ನಿಜವಾದ ಆನುವಂಶಿಕ ಬೆಲೆಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ, 1 ಅಂದರೆ ಪೂರ್ತಿ) 0.7, ಒಂದು ಸುತ್ತಿಗೆ 5 ವರ್ಷ ಅಂದುಕೊಳ್ಳಿ. ಭಾಗಿಸಿದರೆ ವರ್ಷಕ್ಕೆ 0.14. ಜೀನೋಮಿಕ್ ನಿಖರತೆ ಬರೀ 0.4 ಇದ್ದರೂ ಸುತ್ತು 2 ವರ್ಷಕ್ಕೆ ಮುಗಿದರೆ 0.20. ಉಳಿದದ್ದೆಲ್ಲ ಸಮ ಇದ್ದರೆ ಅದೇ ಮುಂದೆ.

ಅನ್ಯಾಯ ನುಸುಳುವುದು ಖರ್ಚಿನಲ್ಲಿ. ಡಿಎನ್‌ಎ ಪರೀಕ್ಷೆಗೂ ದುಡ್ಡು ಬೇಕಲ್ವಾ? ಅದಕ್ಕೆ ಸಮನಾದಷ್ಟು ಪ್ರಯೋಗದ ಪ್ಲಾಟ್‌ಗಳನ್ನು ಆ ಕವಲಿನಿಂದ ತೆಗೆಯಿರಿ. ತೆಗೆಯದೆ ಹೋಲಿಸಿದರೆ ಗೆದ್ದದ್ದು ವಿಧಾನವೋ ಹೆಚ್ಚುವರಿ ಬಜೆಟ್ಟೋ ಗೊತ್ತಾಗದು. ಇಂಥ ಹೋಲಿಕೆಯನ್ನು ಯಾರಾದರೂ ತೋರಿಸಿದರೆ ನಾನು ಮೊದಲು ಕೇಳುವುದು ಇದನ್ನೇ.

ಒಂದೇ ಓಟ ನಂಬಬೇಡಿ. ಕನಿಷ್ಠ 30 ಸಲವಾದರೂ ಓಡಿಸಿ. ಪ್ರತಿ ಸಲವೂ ಎರಡೂ ಕವಲು ಒಂದೇ ಸಮೂಹದಿಂದ ಹೊರಡಲಿ, ಆ ಜೋಡಿಗಳ ನಡುವಿನ ವ್ಯತ್ಯಾಸ ನೋಡಿ.

ಗ್ರಾಫ್‌ನಲ್ಲಿ ಸರಾಸರಿಯ ಗೆರೆಯೊಂದನ್ನೇ ಹಾಕಿ ಖುಷಿಪಡಬೇಡಿ. ಆನುವಂಶಿಕ ವ್ಯತ್ಯಾಸ ಎಷ್ಟು ಉಳಿದಿದೆ, ನಿಖರತೆ ಹೇಗೆ ಇಳಿಯುತ್ತಿದೆ ಅನ್ನುವುದೂ ಬೇಕು. ಸಿಮ್ಯುಲೇಶನ್‌ನಲ್ಲಿ ಗಿಡದ ನಿಜವಾದ ಆನುವಂಶಿಕ ಬೆಲೆ ನಮಗೆ ಕಾಣುತ್ತದೆ, ಹೊಲದಲ್ಲಿ ಆ ಭಾಗ್ಯ ಇಲ್ಲ. ಬಳಸಿಕೊಳ್ಳಿ. ತರಬೇತಿ ದತ್ತಾಂಶಕ್ಕೆ (ಅಂದಾಜು ಮಾಡುವುದನ್ನು ಕಲಿಸಲು ಬಳಸುವ ಗಿಡಗಳ ಮಾಹಿತಿಗೆ) ಹೊಸ ಪೀಳಿಗೆಗಳನ್ನು ಸೇರಿಸದಿದ್ದರೆ ಜೀನೋಮಿಕ್ ಅಂದಾಜು ಪೀಳಿಗೆಯಿಂದ ಪೀಳಿಗೆಗೆ ಸೊರಗುವುದು ಅಲ್ಲೇ ಗೊತ್ತಾಗುತ್ತದೆ.

ಕೊನೆಗೆ ಆನುವಂಶೀಯತೆಯನ್ನು 0.1ಕ್ಕೆ ಇಳಿಸಿ, ಜಾಗಗಳನ್ನು 100ರಿಂದ 10ಕ್ಕೆ ತಂದು ಮತ್ತೆ ಓಡಿಸಿ. ಗೆದ್ದವರು ಬದಲಾದರೆ ಯಾವ ಸ್ಥಿತಿಯಲ್ಲಿ ಬದಲಾದರು ಅನ್ನುವುದನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ.