ಗೂಗಲ್ ನಕ್ಷೆಯಲ್ಲಿ ನಿಮ್ಮ ಅಂಗಡಿ ಸಿಗುವಂತೆ ಮಾಡುವುದು ಹೇಗೆ?

ಬಳ್ಳಾರಿಯ ಜೀನ್ಸ್ ತಯಾರಕರಾಗಲಿ, ಗಂಗಾವತಿಯ ಅಕ್ಕಿ ವ್ಯಾಪಾರಿಗಳಾಗಲಿ, ರಾಯಚೂರಿನಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ ಮಹಿಳೆಯರಾಗಲಿ, ಆನ್‌ಲೈನ್ ಪ್ರಚಾರಕ್ಕೆಂದು ಹೊರಟಾಗ ಮೊದಲ ಹಣವನ್ನು ಸುರಿಯುವುದು ಜಾಹೀರಾತಿಗೆ. ಜಾಹೀರಾತು ನೋಡಿದ ಗ್ರಾಹಕರು ಮೊಬೈಲಿನಲ್ಲಿ ಅಂಗಡಿಯನ್ನು ಹುಡುಕಿದಾಗ ದಾರಿಯೂ ಸಮಯವೂ ಸಿಗದಿದ್ದರೆ ಆ ಹಣ ವ್ಯರ್ಥವಾದಂತೆಯೇ. ಆದ್ದರಿಂದ ಗೂಗಲ್ ಹುಡುಕಾಟದಲ್ಲೂ ನಕ್ಷೆಯಲ್ಲೂ ಅಂಗಡಿಯ ವಿಳಾಸ, ಸಮಯ, ಫೋನ್ ನಂಬರ್ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ ಆರಂಭಿಸಿ. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿದ್ದ ಈ ಸೇವೆ ಸಂಪೂರ್ಣ ಉಚಿತ.

ಗ್ರಾಹಕರನ್ನು ಮುಖತಃ ಭೇಟಿಯಾಗುವ ವ್ಯವಹಾರಕ್ಕೆ ಮಾತ್ರ ಈ ಪ್ರೊಫೈಲ್ ದೊರೆಯುತ್ತದೆ. ಕಿನ್ನಾಳದ ಕುಶಲಕರ್ಮಿಯೊಬ್ಬರ ಮನೆಗೇ ಜನ ಬಂದು ಗೊಂಬೆ ಕೊಳ್ಳುವುದಾದರೆ ಅವರು ಅರ್ಹರು. ಎಲ್ಲವನ್ನೂ ಕೊರಿಯರ್‌ನಲ್ಲೇ ಕಳುಹಿಸುವವರು ಅರ್ಹರಲ್ಲ, ಅವರು ಮುಂದೆ ಹೇಳುವ ಬ್ಲಾಗ್ ಮತ್ತು ವಾಟ್ಸ್‌ಆ್ಯಪ್ ಕಡೆಗೆ ಗಮನ ಕೊಡಲಿ. ಗ್ರಾಹಕರ ಮನೆಗೆ ತಾವೇ ಹೋಗಿ ಕೆಲಸ ಮಾಡಿಕೊಡುವವರು ಮನೆಯ ವಿಳಾಸವನ್ನು ಮರೆಮಾಡಿ, ಸೇವೆ ನೀಡುವ ಪ್ರದೇಶಗಳನ್ನಷ್ಟೇ ತೋರಿಸಬೇಕು.

ಖಾತೆಯನ್ನು ನಿಮ್ಮದೇ ಜಿಮೇಲ್‌ನಲ್ಲಿ ತೆರೆಯಿರಿ. ಏಜೆಂಟರು ತಮ್ಮ ಜಿಮೇಲ್‌ನಲ್ಲಿ ಪ್ರೊಫೈಲ್ ಮಾಡಿಕೊಟ್ಟು, ಮುಂದೆ ಫೋನ್ ನಂಬರ್ ಬದಲಿಸಬೇಕೆಂದರೂ ಹಣ ಕೇಳುವುದನ್ನು ನಾನು ನೋಡಿದ್ದೇನೆ. ಯಾರ ನೆರವು ಪಡೆದರೂ ಅವರನ್ನು ನಿರ್ವಾಹಕರನ್ನಾಗಿ ಮಾತ್ರ ಸೇರಿಸಿ, ಮಾಲೀಕತ್ವ ನಿಮ್ಮಲ್ಲೇ ಇರಲಿ. "ಗೂಗಲ್‌ನಿಂದ ಕರೆ ಮಾಡುತ್ತಿದ್ದೇವೆ, ಹಣ ಕಟ್ಟಿದರೆ ಮೊದಲ ಸ್ಥಾನ ಕೊಡುತ್ತೇವೆ" ಎನ್ನುವವರ ಫೋನನ್ನು ಅಲ್ಲಿಗೇ ಕತ್ತರಿಸಿ. ನಕ್ಷೆಯ ಫಲಿತಾಂಶದಲ್ಲಿ ಮೇಲಿನ ಸ್ಥಾನವನ್ನು ಗೂಗಲ್ ಹಣಕ್ಕೆ ಮಾರುವುದಿಲ್ಲ. ಹುಡುಕಾಟಕ್ಕೆ ನೀವು ಎಷ್ಟು ಹೊಂದುತ್ತೀರಿ, ಎಷ್ಟು ಹತ್ತಿರದಲ್ಲಿದ್ದೀರಿ, ಎಷ್ಟು ಹೆಸರಾಗಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ.

ಹೆಸರನ್ನು ಅಂಗಡಿಯ ಬೋರ್ಡಿನ ಮೇಲಿರುವಂತೆಯೇ ಬರೆಯಿರಿ. ಅದಕ್ಕೆ 'ಬೆಸ್ಟ್ ಹೋಲ್‌ಸೇಲ್ ಜೀನ್ಸ್ ಬಳ್ಳಾರಿ' ಎಂದು ಬಾಲ ಜೋಡಿಸಿದರೆ ಪ್ರೊಫೈಲ್ ಅಮಾನತಾಗುವ ಅಪಾಯವಿದೆ. ವ್ಯವಹಾರದ ಮುಖ್ಯ ವರ್ಗ ಒಂದೇ ಇರಲಿ. ನಕ್ಷೆಯನ್ನು ಉಪಗ್ರಹ ಚಿತ್ರದ ನೋಟಕ್ಕೆ ಬದಲಿಸಿಕೊಂಡು, ಅಂಗಡಿಯ ಗುರುತನ್ನು ಬೆರಳಿನಿಂದ ಎಳೆದು ನಿಮ್ಮ ಛಾವಣಿಯ ಮೇಲೆಯೇ ಕೂರಿಸಿ. ಬಳ್ಳಾರಿಯ ಕೌಲ್ ಬಜಾರ್‌ನಂತಹ ಒತ್ತೊತ್ತಾದ ಕಡೆ ಗುರುತು ಒಂದು ಓಣಿ ತಪ್ಪಿದರೂ ಗ್ರಾಹಕರು ಪಕ್ಕದ ಅಂಗಡಿಯ ಪಾಲಾಗುತ್ತಾರೆ.

ಇನ್ನು ಹೆಚ್ಚಿನವರು ಎಡವುವ ಹಂತ, ದೃಢೀಕರಣ, ಅಂದರೆ ವ್ಯವಹಾರ ನಿಜವಾದದ್ದು, ನಿಮ್ಮದೇ ಎಂದು ಗೂಗಲ್ ಖಚಿತಪಡಿಸಿಕೊಳ್ಳುವುದು. ವಿಧಾನವನ್ನು ಗೂಗಲ್ಲೇ ನಿರ್ಧರಿಸುತ್ತದೆ. ಬಹಳಷ್ಟು ಮಂದಿಗೆ ಈಗ ವಿಡಿಯೊ ಕೇಳುತ್ತದೆ. ಗ್ಯಾಲರಿಯಲ್ಲಿರುವ ಹಳೆಯ ಉದ್ಘಾಟನೆಯ ವಿಡಿಯೊ, ಹಾಡು ಸೇರಿಸಿದ ರೀಲ್, ಕತ್ತರಿಸಿ ಜೋಡಿಸಿದ ತುಣುಕು ಯಾವುದೂ ಇಲ್ಲಿ ನಡೆಯದು. ಮೊಬೈಲಿನಿಂದ, ಕನಿಷ್ಠ 30 ಸೆಕೆಂಡು, ಎಲ್ಲಿಯೂ ನಿಲ್ಲಿಸದೆ ಒಂದೇ ಓಟದಲ್ಲಿ ಚಿತ್ರಿಸಬೇಕು. ಅದರಲ್ಲಿ ಮೂರು ಸಂಗತಿಗಳು ಕಾಣಲೇಬೇಕು: ಸ್ಥಳ ಎಲ್ಲಿದೆ, ಅಲ್ಲಿ ನಿಜವಾಗಿ ವ್ಯವಹಾರ ನಡೆಯುತ್ತಿದೆಯೇ, ಅದನ್ನು ನಡೆಸುವವರು ನೀವೇ ಹೌದೇ.

ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತನ್ನೇ ಆರಿಸಿಕೊಳ್ಳಿ. ಇದು ನನ್ನ ಖಚಿತ ಸಲಹೆ. ಶಟರ್ ಮುಚ್ಚಿರುವಾಗ ರಸ್ತೆಯ ಆಚೆ ಬದಿ ನಿಂತು ಚಿತ್ರೀಕರಣ ಆರಂಭಿಸಿ, ರಸ್ತೆಯ ಹೆಸರಿನ ಫಲಕವನ್ನೋ ಎಲ್ಲರಿಗೂ ಗೊತ್ತಿರುವ ಅಕ್ಕಪಕ್ಕದ ಅಂಗಡಿಯನ್ನೋ ತೋರಿಸಿ, ನಿಧಾನವಾಗಿ ನಿಮ್ಮ ಬೋರ್ಡಿನತ್ತ ತಿರುಗಿ ಅಕ್ಷರಗಳು ಸ್ಪಷ್ಟವಾಗುವವರೆಗೆ ನಿಲ್ಲಿ. ನಂತರ ನಡೆದುಕೊಂಡು ಬಂದು ಬೀಗ ತೆಗೆದು, ಶಟರ್ ಎತ್ತಿ ಒಳಗೆ ಹೋಗಿ. ಬೀಗದ ಕೈ ನಿಮ್ಮಲ್ಲಿರುವುದೇ ಒಡೆತನಕ್ಕೆ ಒಳ್ಳೆಯ ಸಾಕ್ಷಿ. ಒಳಗೆ ಸರಕಿನ ಕಪಾಟು, ಹೊಲಿಗೆ ಯಂತ್ರ ಅಥವಾ ತೂಕದ ಯಂತ್ರ, ಗಲ್ಲಾಪೆಟ್ಟಿಗೆ, ಅಂಗಡಿಯ ಹೆಸರು ಅಚ್ಚಾದ ಬಿಲ್ ಪುಸ್ತಕ, ಗ್ರಾಹಕರಿಗೆ ಪ್ರವೇಶವಿಲ್ಲದ ಗೋದಾಮು ಇವುಗಳನ್ನು ಒಂದಾದ ಮೇಲೊಂದು ತೋರಿಸಿ. ಬೇರೆಯವರ ಮುಖ, ಬ್ಯಾಂಕ್ ಖಾತೆಯ ಸಂಖ್ಯೆ, ಆಧಾರ್ ಕಾರ್ಡ್ ಕ್ಯಾಮೆರಾಗೆ ಬೀಳಬಾರದು. ಬೋರ್ಡ್ ಇನ್ನೂ ಹಾಕಿಸಿರದಿದ್ದರೆ ಮೊದಲು ಹಾಕಿಸಿ. ತಾತ್ಕಾಲಿಕವಾಗಿ ಕಾಗದದ ಮೇಲೆ ಹೆಸರು ಮುದ್ರಿಸಿ ಅಂಟಿಸುವ ಉಪಾಯ ಹಲವರಿಗೆ ಹೊಳೆಯುತ್ತದೆ, ಅದನ್ನು ನಂಬಬೇಡಿ. ಪರಿಶೀಲನೆಗೆ ಐದು ಕೆಲಸದ ದಿನಗಳವರೆಗೆ ಹಿಡಿಯಬಹುದು. ಆ ಅವಧಿಯಲ್ಲಿ ಹೆಸರು, ವಿಳಾಸಗಳನ್ನು ಮುಟ್ಟಲೇಬೇಡಿ. ತಿರಸ್ಕೃತವಾದರೆ ಅದೇ ವಿಡಿಯೊವನ್ನು ಮತ್ತೆ ಕಳುಹಿಸದೆ, ಸ್ಥಳ, ವ್ಯವಹಾರ, ಒಡೆತನ ಈ ಮೂರರಲ್ಲಿ ಯಾವುದು ಕಾಣಲಿಲ್ಲವೆಂದು ನೋಡಿ ಹೊಸದಾಗಿ ತೆಗೆಯಿರಿ.

ದೃಢೀಕರಣ ಮುಗಿದ ಮೇಲೆ ಫೋಟೊ, ಸಮಯ, ಫೋನ್ ನಂಬರ್ ಸೇರಿಸುವುದು ಸುಲಭದ ಕೆಲಸ.

ಬ್ಲಾಗ್ ಬರೆಯಲು ಬ್ಲಾಗರ್‌ನಂತಹ ಉಚಿತ ತಾಣ ಸಾಕು. "ನಮ್ಮಲ್ಲಿ ಉತ್ತಮ ಗುಣಮಟ್ಟದ ಸರಕು ದೊರೆಯುತ್ತದೆ" ಎಂಬ ವಾಕ್ಯವನ್ನು ಯಾರೂ ಹುಡುಕುವುದಿಲ್ಲ. ಫೋನಿನಲ್ಲಿ ಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಯೇ ಲೇಖನದ ಶೀರ್ಷಿಕೆಯಾಗಬೇಕು. ಜೀನ್ಸ್ ಸಗಟು ಕೊಳ್ಳುವವರು ಕೇಳುವುದು ಒಂದು ಸೆಟ್‌ನಲ್ಲಿ ಎಷ್ಟು ಪೀಸ್, ಯಾವ ಯಾವ ಸೈಜ್, ಬಟ್ಟೆಯ ತೂಕ ಎಷ್ಟು ಔನ್ಸ್, ಯಾವ ವಾಷ್, ಒಗೆದ ಮೇಲೆ ಎಷ್ಟು ಕುಗ್ಗುತ್ತದೆ ಎಂದು. 32ರ ಪ್ಯಾಂಟನ್ನು ಮೇಜಿನ ಮೇಲೆ ಹರಡಿ, ಸೊಂಟ, ತೊಡೆ, ಉದ್ದಗಳ ಮೇಲೆ ಟೇಪ್ ಇಟ್ಟು ಅಂಕಿಗಳು ಓದಲು ಬರುವಂತೆ ಫೋಟೊ ತೆಗೆದು, ಕೆಳಗೆ ಈ ಉತ್ತರಗಳನ್ನು ಬರೆದರೆ ಅದೊಂದು ಸಂಪೂರ್ಣ ಲೇಖನ. ಕಂಪ್ಯೂಟರಿನಿಂದ ಬರೆಸಿದ ಇಂಗ್ಲಿಷ್ ಲೇಖನವನ್ನು ಹಾಗೆಯೇ ಹಾಕುವುದಕ್ಕಿಂತ ಕನ್ನಡದಲ್ಲಿ ನಾಲ್ಕು ಪ್ಯಾರಾ ನೀವೇ ಬರೆಯುವುದು ಮೇಲು. ಪಕ್ಕದ ರಾಜ್ಯಗಳ ವ್ಯಾಪಾರಿಗಳು ಕೊಳ್ಳುವುದಾದರೆ ತೆಲುಗು ಅಥವಾ ಹಿಂದಿಯಲ್ಲಿ ಪ್ರತ್ಯೇಕ ಲೇಖನ ಹಾಕಿ, ಒಂದರಲ್ಲೇ ಎರಡು ಭಾಷೆ ಬೆರೆಸಬೇಡಿ.

ಆ ಲೇಖನದ ಕೊಂಡಿಯನ್ನು ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕಳುಹಿಸಿ. ಅದರ ಕ್ಯಾಟಲಾಗ್‌ನಲ್ಲಿ 500 ಸರಕುಗಳವರೆಗೆ ಬೆಲೆಸಹಿತ ಹಾಕಬಹುದು. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳುಹಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಮಂದಿಯನ್ನು ಸೇರಿಸಬಹುದಾದರೂ, ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ತಲುಪುತ್ತದೆ. ಆದ್ದರಿಂದ ಬಿಲ್ ಕೊಡುವಾಗಲೇ "ನಂಬರ್ ಸೇವ್ ಮಾಡ್ಕೊಳ್ರಿ ಅಣ್ಣಾ" ಎಂದು ಕೇಳಿ. ಅಪರಿಚಿತರ ನಂಬರ್ ಪಟ್ಟಿ ಮಾರುವವರಿಂದ ಕೊಳ್ಳುವುದು ಹಣವನ್ನೂ, ಬಹಳ ಮಂದಿ ದೂರು ಕೊಟ್ಟರೆ ಖಾತೆಯನ್ನೂ ಕಳೆದುಕೊಳ್ಳುವ ದಾರಿ.

ಗೂಗಲ್ ಪ್ರೊಫೈಲ್‌ನಲ್ಲಿ ವಿಮರ್ಶೆ ಬರೆಯಿರೆಂದು ಗ್ರಾಹಕರನ್ನು ಕೇಳಬಹುದು. ಅದಕ್ಕಾಗಿ ರಿಯಾಯಿತಿ ಅಥವಾ ಉಡುಗೊರೆ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಕೆಟ್ಟ ವಿಮರ್ಶೆ ಬಂದರೆ ವಾದಕ್ಕಿಳಿಯದೆ, ಏನಾಯಿತೆಂಬುದನ್ನು ಎರಡು ಸಾಲಿನಲ್ಲಿ ತಿಳಿಸಿ, ಸರಕು ಬದಲಿಸಿ ಕೊಡುವುದಾದರೆ ಅದನ್ನೂ ಬರೆಯಿರಿ. ಮುಂದಿನ ಗ್ರಾಹಕರು ಓದುವುದು ಆ ಉತ್ತರವನ್ನೇ.

ಹಬ್ಬದ ದಿನಗಳ ಸಮಯವನ್ನು ನಮೂದಿಸಲು ಪ್ರೊಫೈಲ್‌ನಲ್ಲಿ 'ವಿಶೇಷ ಸಮಯ' ಎಂಬ ಸೌಲಭ್ಯವಿದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ವೇಳೆ ಅಂಗಡಿಯನ್ನು ರಾತ್ರಿ ತಡವಾಗಿ ಮುಚ್ಚುವಿರಾದರೆ ಅಥವಾ ಯುಗಾದಿಗೆ ರಜೆ ಮಾಡುವಿರಾದರೆ, ವಾರ ಮುಂಚಿತವಾಗಿಯೇ ಅದರಲ್ಲಿ ನಮೂದಿಸಿ.