ಎರಡು ಯೆರೆಮೀಯ, ಒಂದು ಕೆಂಪು ಪೆನ್ಸಿಲ್

ಬೈಬಲಿನಲ್ಲಿರುವ ಪ್ರವಾದಿ ಯೆರೆಮೀಯನ ಪುಸ್ತಕದ ಹಳೆಯ ಗ್ರೀಕ್ ಅನುವಾದ ಹೀಬ್ರೂ ಪಾಠಕ್ಕಿಂತ ಹೆಚ್ಚುಕಡಿಮೆ ಎಂಟನೇ ಒಂದು ಪಾಲು ಚಿಕ್ಕದು ಅಂತ ಓದಿದ್ದೆ. ಅಲ್ಲಿ ಇಲ್ಲದ್ದು ಏನು ಅಂತ ನಾನೇ ಹುಡುಕೋಣ ಅನ್ನಿಸಿತು. ನಮ್ಮ ಕನ್ನಡ ಬೈಬಲ್ ಹೀಬ್ರೂ ಪಾಠವನ್ನೇ ಹಿಡಿದು ನಡೆಯುತ್ತದೆ, ಅದನ್ನು ಎಡಗಡೆ ಇಟ್ಟೆ. ಬಲಗಡೆ ಗ್ರೀಕಿನ ಇಂಗ್ಲಿಷ್ ಅನುವಾದ. ಕೈಯಲ್ಲಿ ಕೆಂಪು ಪೆನ್ಸಿಲ್.

ಮೊದಲ ದಿನವೇ ಎಡವಿದೆ. ಎರಡರಲ್ಲೂ 28ನೇ ಅಧ್ಯಾಯ ತೆಗೆದರೆ ಎಡಗಡೆ ಹನನ್ಯ ಅನ್ನುವ ಎದುರಾಳಿ ಪ್ರವಾದಿ ಯೆರೆಮೀಯನ ಕೊರಳಿನ ನೊಗ ಮುರಿಯುತ್ತಿದ್ದಾನೆ, ಬಲಗಡೆ ಬಾಬೆಲ್ ಪಟ್ಟಣ ಹಾಳಾಗುತ್ತಿದೆ! ಪುಸ್ತಕದಲ್ಲೇ ಅಚ್ಚಿನ ತಪ್ಪು ಅಂದುಕೊಂಡೆ. ಆಮೇಲೆ ತಿಳಿಯಿತು, ಹೀಬ್ರೂವಿನಲ್ಲಿ 46ರಿಂದ 51ರವರೆಗೆ ಇರುವ ಪರರಾಜ್ಯಗಳ ಮೇಲಿನ ಪ್ರವಾದನೆಗಳು ಗ್ರೀಕಿನಲ್ಲಿ 25ನೇ ಅಧ್ಯಾಯದ ನಡುವೆಯೇ ಬಂದುಬಿಡುತ್ತವೆ. ಹಾಗಾಗಿ ಇಲ್ಲಿನ 28 ಅಲ್ಲಿ 35. ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಅಧ್ಯಾಯಗಳ ಹೊಂದಿಕೆ ಪಟ್ಟಿ ಮಾಡಿಕೊಳ್ಳಿ.

ಆ ಹನನ್ಯನ ಕಥೆಯಲ್ಲೇ ನಾನು ಜಾಸ್ತಿ ದಿನ ಕಳೆದೆ. ಹೀಬ್ರೂ ಅಕ್ಷರ ಅಷ್ಟಿಷ್ಟು ಕಲಿತು ‘ಹನ್ನಾವೀ’, ಅಂದರೆ ‘ಪ್ರವಾದಿ’ ಅನ್ನುವ ಪದಕ್ಕೆ ಸುತ್ತು ಹಾಕುತ್ತಾ ಹೋದೆ. ಹದಿನೇಳು ವಚನಗಳಲ್ಲಿ ಯೆರೆಮೀಯನಿಗೆ ಆರು ಸಲ, ಹನನ್ಯನಿಗೂ ಆರು ಸಲ ಆ ಬಿರುದು. ಗ್ರೀಕಿನಲ್ಲಿ ಯೆರೆಮೀಯ ಬರೀ ಯೆರೆಮೀಯ. ಹನನ್ಯನನ್ನು ಮೊದಲ ವಚನದಲ್ಲೇ ‘ಸುಳ್ಳು ಪ್ರವಾದಿ’ ಅಂದುಬಿಡುತ್ತಾರೆ. ಕುತೂಹಲ ಅಲ್ಲಿಗೇ ಮುಗಿಯಿತು, ಅಲ್ವಾ? ಹೀಬ್ರೂವಿನಲ್ಲಿ ಇಬ್ಬರೂ ಸರಿಸಮ ನಿಲ್ಲುತ್ತಾರೆ. ಯಾರನ್ನು ನಂಬುವುದು ಅಂತ ಕೇಳುಗರು ಒದ್ದಾಡಬೇಕು. ಕಥೆಯಾಗಿ ನನಗೆ ಇದೇ ಹಿಡಿಸಿತು.

ಗ್ರೀಕ್ ಅನುವಾದಕ ಸುಮ್ನೆ ಕತ್ತರಿ ಆಡಿಸಿರಬಹುದು ಅನ್ನುವ ಅನುಮಾನ ನನಗೂ ಇತ್ತು. ಆದರೆ ಮೃತ ಸಮುದ್ರದ ಹತ್ತಿರದ ಕುಮ್ರಾನಿನ ನಾಲ್ಕನೇ ಗುಹೆಯಲ್ಲಿ 1952ರಲ್ಲಿ ಸಿಕ್ಕ ಹಳೆಯ ಸುರುಳಿಗಳ ಚೂರುಗಳಲ್ಲಿ ಹೀಬ್ರೂವಿನಲ್ಲೇ ಬರೆದ ಚಿಕ್ಕ ಪಾಠವೂ ಇದೆ. ಹತ್ತನೇ ಅಧ್ಯಾಯದಲ್ಲಿ ವಿಗ್ರಹಗಳ ಗೇಲಿಯ ನಡುವೆ ದೇವರನ್ನು ಹೊಗಳುವ 6ರಿಂದ 8 ಮತ್ತು 10ನೇ ವಚನಗಳು ಅದರಲ್ಲಿ ಇಲ್ಲ. ಗ್ರೀಕಿನಲ್ಲೂ ಇಲ್ಲ. ಅಂದರೆ ಬಹುಪಾಲು ಕಡೆ ಕಡಿತ ಆದದ್ದಲ್ಲ, ಲಿಪಿಕಾರರು ಸೇರಿಸುತ್ತಾ ಬಂದದ್ದು. ದಾವೀದನ ವಂಶದ ಬಗ್ಗೆ ಭರವಸೆ ಕೊಡುವ 33:14ರಿಂದ 26 ಕೂಡ ಗ್ರೀಕಿನಲ್ಲಿ ಇಲ್ಲ. ಅಲ್ಲಿ ನನ್ನ ಇಡೀ ಪುಟ ಕೆಂಪಾಯಿತು.

ಕೊನೆಗೆ 36ಕ್ಕೆ ಬಂದೆ. ಯೆರೆಮೀಯ ಹೇಳಿ ಬಾರೂಕ ಬರೆದ ಸುರುಳಿಯನ್ನು ಅರಸ ಯೆಹೋಯಾಕೀಮನ ಮುಂದೆ ಓದುತ್ತಾರೆ. ಚಳಿಗಾಲ, ಎದುರಿಗೆ ಅಗ್ಗಿಷ್ಟಿಕೆ. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಲಿಪಿಕಾರರ ಚಾಕುವಿನಿಂದಲೇ ಕೊಯ್ದು ಬೆಂಕಿಗೆ ಹಾಕುತ್ತಾರೆ. ಬಾರೂಕ ಮತ್ತೊಂದು ಸುರುಳಿಯಲ್ಲಿ ಎಲ್ಲವನ್ನೂ ಮತ್ತೆ ಬರೆಯುತ್ತಾನೆ. ಅದಕ್ಕೆ ಅಂಥದ್ದೇ ಇನ್ನೂ ಎಷ್ಟೋ ಮಾತು ಸೇರಿದವು ಅಂತ ಕೊನೆಯ ವಚನ ಹೇಳುತ್ತದೆ. ಹೀಬ್ರೂವಿನ ಆ ಕ್ರಿಯಾಪದಕ್ಕೆ ಸುತ್ತು ಹಾಕಿ ನೋಡಿದೆ. ಸೇರಿಸಿದ್ದು ಯಾರು ಅಂತ ಹೇಳಿಲ್ಲ.